ಗಾಂಧೀಜಿಗೆ ಬೆಲ್ಟು ಎಲ್ಲಿ ಕಟ್ಟುವುದು?

ಕ್ರೇನು ಕಲಿಯಲು ಬರುವ ಹುಡುಗರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಆಚಾರ್ರೆ, ನೀವು ಅತೀ ಭಾರದ್ದು ಅಂತ ಏನು ಎತ್ತೀರಿ?" ಅವರಿಗೆ ಟನ್ನಿನ ಲೆಕ್ಕ ಬೇಕು. ನನಗೆ ಟನ್ನು ನೆನಪಿಲ್ಲ. ಭಾರವೆಂದರೆ ಭಾರ, ಕೊಂಡಿಗೆ ಸಿಕ್ಕಿಸಿದರೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ, ಎದುರು ಮಾತಾಡುವುದಿಲ್ಲ. ನೆನಪಿರುವುದು ಆ ಭಾರದ ಸುತ್ತ ನಿಂತು ಕೂಗಿದ ಮಂದಿ. ಯಂತ್ರವನ್ನು ಯಾರಾದರೂ ಕಲಿಸುತ್ತಾರೆ. ಮಂದಿಯನ್ನು ಕಲಿಸುವವರು ಕಡಿಮೆ. ಹೊಸದಾಗಿ ಈ ಸೀಟಿಗೆ ಹತ್ತುವವರಿಗೆ ಉಪಯೋಗವಾದರೆ ಆಗಲಿ ಎಂದು ಬರೆಯಲು ಕೂತಿದ್ದೇನೆ.

ನಾನು ಬಳ್ಳಾರಿ ಗಾಂಧಿನಗರದವನು. ನಮ್ಮದು ಗುಮಾಸ್ತರ ಮನೆತನ. ತಾತ, ತಂದೆ, ಚಿಕ್ಕಪ್ಪಂದಿರು ಬೆಳಿಗ್ಗೆ ಎದ್ದು ಸಂಧ್ಯಾವಂದನೆ ಮಾಡಿ, ತೀರ್ಥ ತಗೊಂಡು, ಕಚೇರಿಗೆ ಹೋಗಿ ಕುರ್ಚಿಯಲ್ಲಿ ಕೂತು ಮುದುಕರಾದವರು. ನಾನೊಬ್ಬನೇ ಬಿ.ಕಾಂ.ನಲ್ಲಿ ಬಿದ್ದು, ಖಾದರ್ ಸೇಠರ ಕ್ರೇನ್ ಶೆಡ್ಡಿಗೆ ಬಿಲ್ಲು ಬರೆಯಲು ಸೇರಿದೆ. ಬಿಲ್ಲು ಬರೆಯುವುದಕ್ಕಿಂತ ಕ್ರೇನಿನ ಹಿಡಿಕೆ ಎಳೆಯುವುದು ಸುಲಭವೆಂದು ಬೇಗ ಗೊತ್ತಾಯಿತು. ಅಂಗಿಯ ಒಳಗೆ ಜನಿವಾರ, ಅಂಗಿಯ ಮೇಲೆ ಗ್ರೀಸು. ಶೆಡ್ಡಿನವರು "ಕ್ರೇನ್ ಆಚಾರ್ರು" ಅಂದರು, ಅದೇ ಹೆಸರು ಉಳಿಯಿತು. ನಮ್ಮ ಅಮ್ಮ ಪಕ್ಕದ ಮನೆಯವರ ಮುಂದೆ "ಎಲ್ಲಾರ ಮಕ್ಕಳೂ ಫೈಲು ಎತ್ತತಾರ, ನನ್ನ ಮಗ ಲಾರಿ ಎತ್ತತಾನ" ಎನ್ನುತ್ತಿದ್ದಳು. ಅದು ದುಃಖವೋ ಹೆಮ್ಮೆಯೋ ಕೊನೆಯವರೆಗೂ ನನಗೆ ತಿಳಿಯಲಿಲ್ಲ.

ನನಗೆ ಕೆಲಸ ಕಲಿಸಿದವರು ಕರೀಂ ಉಸ್ತಾದ್. ಬಾಯಿಗಿಂತ ಕೈಯಲ್ಲಿ ಜಾಸ್ತಿ ಕಲಿಸುತ್ತಿದ್ದರು. ನನ್ನ ಬಲಗೆನ್ನೆಗೆ ಗೊತ್ತಿರುವಷ್ಟು ಕ್ರೇನಿನ ವಿದ್ಯೆ ನನ್ನ ತಲೆಗೆ ಗೊತ್ತಿಲ್ಲ. ಅವರು ಬಾಯಿಬಿಟ್ಟು ಹೇಳಿದ್ದು ಒಂದೇ ಮಾತು. "ದೇಖೋ ಆಚಾರಿ, ಎತ್ತಿದ ಮಾಲಿನ ಕೆಳಗ ಮನುಷ್ಯಾ ಇರಬಾರದು. ಅವ ಮಂತ್ರಿ ಆದರೂ ಅಷ್ಟೇ, ನಿನ್ನ ಮಾವ ಆದರೂ ಅಷ್ಟೇ." ಈಗಿನ ಕ್ರೇನುಗಳಲ್ಲಿ ಭಾರ ಎಷ್ಟೆಂದು ಪರದೆಯ ಮೇಲೆ ಬರುತ್ತದೆ, ಹೆಚ್ಚಾದರೆ ಪೀಪಿ ಕೂಗುತ್ತದೆ. ನಮ್ಮ ಕಾಲದಲ್ಲಿ ಭಾರ ಹೆಚ್ಚಾಯಿತೆಂದು ಹಿಂದಿನ ಚಕ್ರ ಹೇಳುತ್ತಿತ್ತು, ನೆಲ ಬಿಟ್ಟು ಮೇಲೆದ್ದು.

ತಪ್ಪುಗಳೂ ಆದವು. ಪಾರ್ವತಿನಗರದಲ್ಲಿ ಒಬ್ಬರ ಮಾಳಿಗೆಗೆ ನೀರಿನ ದೊಡ್ಡ ಟ್ಯಾಂಕು ಏರಿಸಲು ಹೋಗಿ ಪಕ್ಕದ ಮನೆಯ ಮಾಳಿಗೆಯ ಮೇಲೆ ಇಟ್ಟು ಬಂದೆವು. ಎರಡೂ ಮನೆಗೆ ಒಂದೇ ಬಣ್ಣ. ಪಕ್ಕದ ಮನೆಯ ಯಜಮಾನರು ಸಂಜೆ ಮೇಲೆ ಹತ್ತಿ ನೋಡಿದರು. "ನಮ್ಮ ಮನಿ ಮ್ಯಾಲ ಇರೋದು ನಮ್ಮದು. ರಾಯರು ಕೊಟ್ಟಿದ್ದು" ಎಂದು ಪಟ್ಟು ಹಿಡಿದರು. ನಾವು ಕ್ರೇನು ತಂದು ಇಳಿಸುವ ಹೊತ್ತಿಗೆ ಅದಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡಿದ್ದರು.

ಕುರುಗೋಡಿನ ಹತ್ತಿರ ಬಾವಿಗೆ ಬಿದ್ದ ಎಮ್ಮೆಯನ್ನು ಎತ್ತಿದ್ದೂ ಇದೆ. ಎಮ್ಮೆ ಗಬ್ಬ ಇತ್ತು. ಅದರ ಒಡತಿ ಬಾವಿಯ ದಂಡೆಯಲ್ಲಿ ನಿಂತು "ಹೊಟ್ಟಿಗೆ ಕಟ್ಟಬ್ಯಾಡ್ರೀ, ನಿಮ್ಮ ಮನ್ಯಾಗ ಹೆಣ್ಣುಮಕ್ಕಳಿಲ್ಲೇನು?" ಎಂದು ಬೈದಳು. ಕೊನೆಗೆ ಮುಂಗಾಲಿನ ಹಿಂದೊಂದು, ಹಿಂಗಾಲಿನ ಮುಂದೊಂದು ಬೆಲ್ಟು ಹಾಕಿ ಎತ್ತಿದೆವು. ಎಮ್ಮೆ ಆಕಾಶದಲ್ಲಿ ತೂಗುತ್ತಾ ಊರನ್ನೆಲ್ಲ ಒಂದು ಸುತ್ತು ನೋಡಿತು. ಕೆಳಗಿಳಿಸಿದ ಮೇಲೆ ಬಹಳ ಹೊತ್ತು ನಡೆಯಲು ಒಪ್ಪಲಿಲ್ಲ. ಆವತ್ತೇ ನನಗೆ ಗೊತ್ತಾಯಿತು, ಬೆಲ್ಟು ಎಲ್ಲಿ ಕಟ್ಟಬೇಕೆಂಬುದಕ್ಕೆ ಭಾರ ಎಲ್ಲಿದೆ ಎನ್ನುವುದಷ್ಟೇ ಉತ್ತರವಲ್ಲ. ಯಾರ ಮನಸ್ಸು ಎಲ್ಲಿದೆ ಎನ್ನುವುದನ್ನೂ ನೋಡಬೇಕು.

ಇದು ಸರಿಯಾಗಿ ಪರೀಕ್ಷೆಗೆ ಬಂದಿದ್ದು ಗಾಂಧೀಜಿಯನ್ನು ಎತ್ತಿದಾಗ.

ಸಿರುಗುಪ್ಪದ ಒಂದು ಸರ್ಕಲ್ಲಿನಲ್ಲಿ ನಿಲ್ಲಿಸಲು ಬಳ್ಳಾರಿಯಲ್ಲಿ ಗಾಂಧೀಜಿಯ ಲೋಹದ ಪ್ರತಿಮೆ ಎರಕವಾಗಿತ್ತು. ಅದರ ಹಿಂದೆ ಇದ್ದವರು ಇಬ್ಬರು. ಒಬ್ಬರು ನಾಗರತ್ನಮ್ಮ ಟೀಚರ್. ರಾರಾವಿಯ ಕೂಲಿಕಾರರ ಮನೆಯಲ್ಲಿ ಹುಟ್ಟಿ, ಓದಿ, ಸುತ್ತಲಿನ ಸಾಲೆಗಳಲ್ಲಿ ಪಾಠ ಹೇಳಿ, ಹೆಡ್‌ಮಿಸ್ ಆಗಿ ನಿವೃತ್ತರಾದವರು. ಆಮೇಲೆ ಸುಮ್ಮನೆ ಕೂಡದೆ ಸಿರುಗುಪ್ಪ, ಕುರುಗೋಡು, ನಡುವಿನ ಹಳ್ಳಿಗಳನ್ನೆಲ್ಲ ಮನೆಮನೆ ತಿರುಗಿ ಒಡೆದ ಹಂಡೆ, ಸೋರುವ ಬಿಂದಿಗೆ, ಸೊಟ್ಟಾದ ತಟ್ಟೆ ಕೂಡಿಸಿದ್ದರು. ಆ ಪಾತ್ರೆಗಳೇ ಕರಗಿ ಗಾಂಧೀಜಿ ಆಗಿದ್ದರು. ಇನ್ನೊಬ್ಬರು ಸಮಿತಿಯ ಅಧ್ಯಕ್ಷರು, ಅಕ್ಕಿ ಗಿರಣಿಯ ಪಂಪನಗೌಡ್ರು. ಪೀಠ ಕಟ್ಟಿಸಿದ್ದು ಅವರು. ದೊಡ್ಡ ಆಳು, ದೊಡ್ಡ ದನಿ. ಅವರು ನಿಂತಲ್ಲಿ ಉಳಿದವರು ಜಾಗ ಬಿಟ್ಟು ನಿಲ್ಲುತ್ತಿದ್ದರು.

ಮಂತ್ರಿಗಳಿಂದ ಒಂದು ಬೆಳಿಗ್ಗೆ ಅನಾವರಣವೆಂದು ಗೊತ್ತಾಗಿತ್ತು. ಅದರ ಹಿಂದಿನ ದಿನ ನಾನೂ ಬೆಲ್ಟು ಕಟ್ಟುವ ನಮ್ಮ ಹುಲುಗಪ್ಪನೂ ಶಿಲ್ಪಿ ಮೌನೇಶಿಯ ಶೆಡ್ಡಿಗೆ ಹೋದೆವು. ಗೌಡ್ರು, ಟೀಚರ್ ಇಬ್ಬರೂ ಬಂದಿದ್ದರು. ಆಳಿಗಿಂತ ತುಸು ಎತ್ತರದ ಗಾಂಧೀಜಿ ಒಂದು ಕಾಲು ಮುಂದಿಟ್ಟು, ಎಲ್ಲಿಗೋ ತಡವಾದವರ ಹಾಗೆ ನಿಂತಿದ್ದರು. ಹುಲುಗಪ್ಪ ಬೆಲ್ಟು ಬಿಚ್ಚಿ ಹೆಗಲ ಹತ್ತಿರ ಒಯ್ದ.

"ಏಯ್, ಏಯ್!" ಗೌಡ್ರು ಓಡಿ ಬಂದರು. "ಕುತಿಗಿಗೆ ಹಾಕಾಕ ಹತ್ತೀಯೇನಲೇ? ಊರಿಗೆ ಒಯ್ಯಾಕ ಬಂದೀಯೋ, ನೇಣು ಹಾಕಾಕ ಬಂದೀಯೋ?"

"ಕುತಿಗಿಗಲ್ರೀ ಗೌಡ್ರೆ, ಕಂಕಳಾಗ" ಅಂದ ಹುಲುಗಪ್ಪ.

"ಕಂಕಳಾಗ ಕೈ ಹಾಕಿ ಎತ್ತೋದು ಕುಡುಕರನ್ನ. ಇವರನ್ನ ಹಂಗ ಎತ್ತತೀಯಾ? ಇವರನ್ನ!"

ಮಾತು ನಿಜವೇ. ನಾನು ಸಮಾಧಾನ ಮಾಡಲು ಹೋದೆ. "ಹಂಗಾರ ಎದಿಗೆ ಅಡ್ಡ ಕಟ್ಟೋಣ್ರಿ."

ಅಲ್ಲಿಯವರೆಗೆ ಸುಮ್ಮನಿದ್ದ ಟೀಚರ್ ಮೆಲ್ಲಗೆ ಅಂದರು. "ಎದಿಗೆ ಬ್ಯಾಡ್ರಿ ಆಚಾರ್ರೆ. ಅಲ್ಲಿ ಮೊದಲ ಗುಂಡು ಬಿದ್ದಾವ."

ಪ್ರತಿಮೆಯ ಎದೆಯ ಮೇಲೆ ಇಟ್ಟಿದ್ದ ಕೈಯನ್ನು ಹುಲುಗಪ್ಪ ಕಾದ ಹಂಚು ಮುಟ್ಟಿದವನಂತೆ ತೆಗೆದ.

"ಸೊಂಟಕ್ಕ ಕಟ್ರಿ, ಮುಗೀತು" ಅಂದರು ಗೌಡ್ರು.

"ಸೊಂಟಕ್ಕ ಕಟ್ಟಿದ್ರ ಬಗ್ಗತಾರ್ರಿ. ಭಾರ ಎಲ್ಲಾ ಮ್ಯಾಲ ಐತಿ" ಅಂದೆ ನಾನು.

"ಇಂಗ್ಲೀಷರಿಗೆ ಬಗ್ಗಲಾರದ ಮನುಷ್ಯಾ ನಿನ್ನ ಕ್ರೇನಿಗೆ ಬಗ್ಗತಾನಾ? ಕಟ್ಟು ಅಂದ್ರ ಕಟ್ಟು."

ಕಟ್ಟಿದೆವು. ನೆಲದಿಂದ ಗೇಣಷ್ಟು ಎತ್ತಿದೆ. ಗಾಂಧೀಜಿ ನಿಧಾನವಾಗಿ ಮುಂದಕ್ಕೆ ವಾಲಿ, ನೇರ ಗೌಡ್ರ ಕಡೆಗೇ ತಲೆ ಬಾಗಿಸಿದರು. ಗೌಡ್ರು ಗಾಬರಿಯಲ್ಲಿ ಎರಡು ಹೆಜ್ಜೆ ಹಿಂದೆ ಸರಿದು ತಮಗೆ ಗೊತ್ತಿಲ್ಲದೆಯೇ ಕೈ ಮುಗಿದರು. ಒಬ್ಬರಿಗೊಬ್ಬರು ನಮಸ್ಕಾರ ಮಾಡಿದ ಹಾಗೆ ಇತ್ತು. ಮೌನೇಶಿ ಮಾತ್ರ "ಮೂಗು, ಮೂಗು!" ಎಂದು ಕಿರುಚುತ್ತಿದ್ದ. ಮೆಲ್ಲಗೆ ಇಳಿಸಿದೆ.

"ಆತಪಾ" ಅಂದರು ಗೌಡ್ರು, ಹಣೆ ಒರೆಸಿಕೊಂಡು. "ನಿನಗ ಹೆಂಗ ಬರ್ತತೋ ಹಂಗ ಮಾಡು. ಆದ್ರ ನೋಡಾಕ ಚಂದ ಕಾಣಬೇಕು."

ಟೀಚರ್ ತಮ್ಮ ಚೀಲದಿಂದ ಬಿಳೀ ಖಾದಿ ಬಟ್ಟೆ ತೆಗೆದರು. ಅದನ್ನು ಹುಲುಗಪ್ಪ ಬೆಲ್ಟಿಗೆ ಉದ್ದಕ್ಕೂ ಸುತ್ತಿದ. ಅದೇ ಬೆಲ್ಟು, ಅದೇ ಕಂಕುಳು. ಈಗ ಅದು ಹೆಗಲ ಮೇಲಿನ ಶಾಲಿನ ಹಾಗೆ ಕಂಡಿತು. ಗೌಡ್ರು ದೂರ ನಿಂತು ನೋಡಿ "ಹಾಂ! ಹಿಂಗ ಮೊದಲ ಮಾಡಬೇಕಿತ್ತು" ಅಂದರು. ಹುಡುಗರೇ, ಪ್ರತಿಮೆ ಎತ್ತುವ ಕೆಲಸ ಬಂದರೆ ಬೆಲ್ಟಿನ ಜೊತೆ ಒಂದು ಶುಭ್ರ ಬಟ್ಟೆ ಇಟ್ಟುಕೊಳ್ಳಿ. ಗ್ರೀಸಿಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಇನ್ನು ಲಾರಿಯಲ್ಲಿ ಹೇಗೆ ಇಡುವುದು? ಮಲಗಿಸಿದರೆ ಹೆಣ ಒಯ್ದ ಹಾಗೆ ಎಂದು ಗೌಡ್ರು. ನಿಲ್ಲಿಸಿದರೆ ದಾರಿಯ ಕರೆಂಟಿನ ತಂತಿ ತಲೆಗೆ ತಾಗುತ್ತದೆ ಎಂದು ನಾನು. ಕಡೆಗೆ ಲಾರಿಯಲ್ಲಿ ನೆಲ್ಲುಹುಲ್ಲಿನ ಹೊರೆಗಳನ್ನು ಒಟ್ಟಿ, ಅದಕ್ಕೆ ಒರಗಿಸಿ ಅರ್ಧ ಮಲಗಿದ ಹಾಗೆ ಕೂಡಿಸಿದೆವು. ಆರಾಮ ಕುರ್ಚಿಯಲ್ಲಿ ಮೈಚೆಲ್ಲಿ ಮೋಡ ನೋಡುವ ಮುದುಕರ ಹಾಗೆ ಗಾಂಧೀಜಿ ಬಳ್ಳಾರಿ ಬಿಟ್ಟರು. ಅವರ ಕೋಲು ಬೇರೆಯೇ ಎರಕವಾಗಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿ ಗೌಡ್ರ ಜೀಪಿನಲ್ಲಿ ಇಟ್ಟರು. ಮುಂದೆ ಜೀಪು, ನಡುವೆ ಲಾರಿ, ಹಿಂದೆ ನನ್ನ ಕ್ರೇನು.

ಸಿರುಗುಪ್ಪಕ್ಕೆ ನೇರ ರಸ್ತೆ ಇದ್ದರೂ ಕುರುಗೋಡಿನ ಮೇಲೆ ಹೋಗಬೇಕೆಂದು ಟೀಚರ್ ಹಟ ಹಿಡಿದಿದ್ದರು. ಪಾತ್ರೆ ಕೊಟ್ಟ ಹೆಣ್ಣುಮಕ್ಕಳಿಗೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರಂತೆ. ಕುರುಗೋಡಿನಲ್ಲಿ ಲಾರಿ ನಿಂತಿದ್ದೇ ತಡ, ಓಣಿಓಣಿಯಿಂದ ಹೆಂಗಸರು ಬಂದರು. ಆರತಿ ಆಯಿತು, ತೆಂಗಿನಕಾಯಿ ಆಯಿತು. ಆಮೇಲೆ ಈರಮ್ಮ ಎಂಬ ಮುದುಕಿ ಲಾರಿಯ ಪಕ್ಕಕ್ಕೆ ಬಂದು ಮೌನೇಶಿಯನ್ನು ಕೇಳಿದಳು.

"ಯಪ್ಪಾ, ನಂದು ಹಂಡೆ ಇತ್ತು. ನಮ್ಮವ್ವ ಮದುವಿಗೆ ಕೊಟ್ಟಿದ್ದು. ಅದನ್ನ ಎಲ್ಲಿ ಹಾಕೀರಿ?"

"ಎಲ್ಲಾ ಕರಗಿಸಿ ಒಂದ ಮಾಡೀವಿ ಅಮ್ಮಾ."

"ಅಂದ್ರ ನಂದು ಎಲ್ಲೂ ಇಲ್ಲೇನು?"

ಮುದುಕಿಯ ಕಣ್ಣು ತುಂಬುತ್ತಿರುವುದನ್ನು ನೋಡಿ ಮೌನೇಶಿ ಕರಗಿಬಿಟ್ಟ. "ಹಂಗಲ್ಲ ಹಂಗಲ್ಲ. ನಿಂದು ಬಲಗೈ ಅಮ್ಮಾ. ಪೂರಾ ಬಲಗೈ ನಿಂದೇ."

ಈರಮ್ಮ ಲಾರಿಯ ಚಕ್ರದ ಮೇಲೆ ಕಾಲಿಟ್ಟು ಹತ್ತಿ ಆ ಬಲಗೈಯನ್ನು ಸವರಿದಳು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. "ಹಂಗಾರ ನನ್ನ ಬಿಂದಿಗಿ?" "ನನ್ನ ತಟ್ಟಿ?" "ನಮ್ಮತ್ತಿ ಚೊಂಬು?" ಎಂದು ಎಲ್ಲರೂ ಮುತ್ತಿದರು. ಮೌನೇಶಿ ಬೆವರುತ್ತಾ ಹಂಚತೊಡಗಿದ. ಬಿಂದಿಗೆಗೆ ಎಡಗಾಲು. ತಟ್ಟೆಗೆ ಕನ್ನಡಕ. ಚೊಂಬಿಗೆ ಕಿವಿ. ಒಬ್ಬಾಕೆಗೆ ಸೊಂಟದ ಗಡಿಯಾರ ಬಂತು. ಆಕೆ ಹೊತ್ತೆಷ್ಟೆಂದು ಬಗ್ಗಿ ನೋಡಿದಳು. ಅಂಗಗಳು ಮುಗಿಯುತ್ತಾ ಬಂದಾಗ ಕಾಲ್ಬೆರಳುಗಳನ್ನು ಬಿಡಿಬಿಡಿಯಾಗಿ ಕೊಟ್ಟ. ಆ ಗದ್ದಲದಲ್ಲಿ ಮೂಗನ್ನು ಇಬ್ಬರಿಗೆ ಕೊಟ್ಟುಬಿಟ್ಟ.

ಆ ಇಬ್ಬರೂ ವಾರಗಿತ್ತಿಯರು. ನಡುವೆ ಒಂದು ಗೋಡೆ ಎಬ್ಬಿಸಿಕೊಂಡು ಮಾತು ಬಿಟ್ಟವರು. ಮಾತು ಬಿಟ್ಟವರಿಗೆ ಆವತ್ತು ಮಾತು ಬಂತು.

"ಮೂಗು ನಂದು! ನನ್ನ ದೀಪದ ಕಂಬದ್ದು!"

"ಹೋಗಲೇ, ನಿನ್ನ ಕಂಬದಾಗ ಮೂಗು ಎಲ್ಲಿ ಆಕ್ಕತಿ, ಮೂಗುಬಟ್ಟು ಸುದ್ದಾ ಆಗಂಗಿಲ್ಲ! ನನ್ನ ಕೊಪ್ಪರಿಗಿದು ಅದು!"

ಗಂಡಂದಿರು ಬಂದರು. ಗಂಡಂದಿರ ಗೆಳೆಯರು ಬಂದರು. ಅಹಿಂಸೆಯ ಲಾರಿಯ ಸುತ್ತ ಅಂಗಿ ಹಿಡಿದು ಎಳೆದಾಟ ಶುರುವಾಯಿತು. ಜೀಪಿನಲ್ಲಿ ಜೊತೆಗೆ ಬಂದಿದ್ದ ಗೌಡ್ರ ಮೀಸೆಯ ಅಳಿಯ ಮಂದಿ ಚದುರಿಸಲು ಕೈಗೆ ಏನು ಸಿಗುತ್ತದೆಂದು ಜೀಪಿನಲ್ಲಿ ತಡಕಾಡಿ ಗೋಣಿಚೀಲ ಬಿಚ್ಚಿ ಗಾಂಧೀಜಿಯ ಕೋಲನ್ನೇ ಎಳೆದ. "ಸರೀತೀರೋ ಇಲ್ಲೋ!" ಎಂದು ಎರಡೂ ಕೈಯಲ್ಲಿ ಮೇಲೆತ್ತಿದ. ಅದು ಬಿದಿರಲ್ಲ, ಗಟ್ಟಿ ಎರಕ. ಎತ್ತಿದಷ್ಟೇ ವೇಗದಲ್ಲಿ ಕೆಳಗೆ ಬಂದು ಅವನದೇ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಆತ ಕೂಗಿದ ಕೂಗಿಗೆ ಜಗಳವೇ ಒಂದು ಕ್ಷಣ ನಿಂತಿತು.

ಅದೇ ಸಂದಿನಲ್ಲಿ ಟೀಚರ್ ಲಾರಿ ಹತ್ತಿದರು. ಸಣ್ಣ ಆಕಾರ, ತೆಳ್ಳನೆ ಮೈ. ಆ ಮೈಯಿಂದ ಅಂಥ ದನಿ ಬರುತ್ತದೆಂದು ನಾನು ಎಣಿಸಿರಲಿಲ್ಲ.

"ಎಲ್ಲಾರೂ ಕೈ ಕಟ್ಟಿ ನಿಂದರ್ರಿ!"

ಅಲ್ಲಿದ್ದ ಮಂದಿಯಲ್ಲಿ ಅರ್ಧಕ್ಕರ್ಧ ಅವರ ಸಾಲೆಯಲ್ಲಿ ಓದಿದವರು. ನರೆಗೂದಲಿನ ಗಂಡಸರು ಹಿಡಿದ ಅಂಗಿ ಬಿಟ್ಟು ಕೈಕಟ್ಟಿ ಸಾಲಾಗಿ ನಿಂತರು. ಹುಲುಗಪ್ಪನೂ ನಿಂತ, ಅವನು ಸಾಲೆಯ ಮುಖವನ್ನೇ ಕಂಡವನಲ್ಲ. ಟೀಚರ್ ವಾರಗಿತ್ತಿಯರನ್ನು ಹತ್ತಿರ ಕರೆದು ತೀರ್ಪು ಕೊಟ್ಟರು. "ಬಲಗಡಿ ಹೊಳ್ಳಿ ನಿಂದು, ಎಡಗಡಿ ಹೊಳ್ಳಿ ಆಕಿದು. ನಡುವ ಗ್ವಾಡಿ ಬ್ವಾಡಿ ಅಂದ್ರ ನೋಡ್ರಿ." ಇಬ್ಬರೂ ತಂತಮ್ಮ ಹೊಳ್ಳೆ ನೋಡಿಕೊಂಡು ಒಪ್ಪಿದರು.

ಅಳಿಯನ ಬೆರಳಿಗೆ ಪಟ್ಟಿ ಸುತ್ತಿಸಿ, ತುದಿ ಸೊಟ್ಟಾಗಿದ್ದ ಕೋಲನ್ನು ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ನೆಟ್ಟಗೆ ಮಾಡಿಸಿಕೊಂಡು ಸಿರುಗುಪ್ಪ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಬೆಳಕು ಹರಿದ ಮೇಲೆ ಎತ್ತುವುದೆಂದು ತೀರ್ಮಾನಿಸಿದೆವು.

ಬೆಳಿಗ್ಗೆ ನೋಡಿದರೆ ಸರ್ಕಲ್ಲು ಮದುವೆಮನೆಯಾಗಿತ್ತು. ಪೀಠದ ಒಂದು ಕಡೆ, ಗೌಡ್ರ ಗಿರಣಿಗೆ ಹೋಗುವ ರಸ್ತೆಗೆ, ಶಾಮಿಯಾನ, ವೇದಿಕೆ, ಮೈಕು. ಇನ್ನೊಂದು ಕಡೆ ದಿನಾ ಇರುವ ಹಾಗೆ ತರಕಾರಿ ಗಾಡಿ, ಚಹದ ಗಾಡಿ, ಕೂಲಿಗೆ ಯಾರು ಕರೆಯುತ್ತಾರೋ ಎಂದು ಬುತ್ತಿಗಂಟು ಹಿಡಿದು ನಿಂತ ಮಂದಿ. ಖಾದಿ ಸುತ್ತಿದ ಬೆಲ್ಟು ಹಾಕಿ ಗಾಂಧೀಜಿಯನ್ನು ಲಾರಿಯಿಂದ ಎತ್ತಿ, ವೇದಿಕೆಯ ಕಡೆ ಮುಖ ಮಾಡಿಸಿ ಪೀಠದ ಮೇಲಕ್ಕೆ ತಂದೆ. ಪೀಠದಲ್ಲಿ ನಾಲ್ಕು ಬೋಲ್ಟು ಮೊದಲೇ ಕಾಂಕ್ರೀಟಿನಲ್ಲಿ ಕೂಡಿಸಿದ್ದರು. ಪ್ರತಿಮೆಯ ಅಡಿಯ ತೂತುಗಳು ಅದಕ್ಕೆ ಸರಿಯಾಗಿ ಇಳಿಯಬೇಕು. ಹುಲುಗಪ್ಪ ಬಗ್ಗಿ ನೋಡಿದ, ಎದ್ದ, ಮತ್ತೆ ಬಗ್ಗಿದ.

"ಆಚಾರ್ರೆ, ಕೂಡವಲ್ದು."

ಮೌನೇಶಿ ಓಡಿ ಬಂದು ನೋಡಿದ. ಒಂದು ಕಾಲು ಮುಂದಿದ್ದುದರಿಂದ ತೂತುಗಳು ಎರಡು ಹತ್ತಿರ, ಎರಡು ದೂರ ಇದ್ದವು. ಬೋಲ್ಟುಗಳೂ ಹಾಗೇ ಇದ್ದವು, ಆದರೆ ತಿರುಗುಮುರುಗಾಗಿ. ಗಾಂಧೀಜಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಹಿಡಿದರೆ ಕೂದಲಿನಷ್ಟೂ ವ್ಯತ್ಯಾಸವಿಲ್ಲದೆ ಕೂಡುತ್ತಿದ್ದವು. ಆಗ ಮುಖ ತರಕಾರಿ ಗಾಡಿಗಳ ಕಡೆಗೆ, ಬೆನ್ನು ಮಂತ್ರಿಗಳ ವೇದಿಕೆಗೆ.

ಗೌಡ್ರು ಮೇಸ್ತ್ರಿಯನ್ನು ಹಿಡಿದು ತಂದರು. "ರಟ್ಟಿನ ಅಚ್ಚು ಕೊಟ್ಟಿದ್ದೆವಲ್ಲಲೇ! ಅದನ್ನ ಇಟ್ಟು ಬೋಲ್ಟು ಕೂಡಿಸಾಕ ನಿನಗ ಏನು ಧಾಡಿ?" ಮೇಸ್ತ್ರಿ ಟೀಚರ ಮುಖ ನೋಡಿದ.

"ಅವಗ ಬೈಬ್ಯಾಡ್ರಿ" ಅಂದರು ಟೀಚರ್. "ರಟ್ಟು ತಿರುಗಿಸಿ ಇಡು ಅಂತ ನಾನ ಹೇಳಿದ್ದೆ."

ಗೌಡ್ರು ಮೇಸ್ತ್ರಿಯನ್ನು ಬಿಟ್ಟು ಟೀಚರ ಕಡೆ ತಿರುಗಿದರು. "ಟೀಚರ್ರೆ! ಗಾಂಧೀಜಿ ವಿಷಯದಾಗ ಮೋಸ?"

"ಮೋಸ ಅಲ್ಲ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಕೇಳಿದ್ರಿ, ಹೇಳಿದೆ."

"ಮುಖ ನಮ್ಮ ಗಿರಣಿ ಕಡಿ ಅಂತ ಸಮಿತಿಯಾಗ ಆಗಿತ್ತು."

"ಸಮಿತಿಯಾಗ ನೀವು ಅಂದ್ರಿ, ಉಳದಾರು ಗೋಣು ಹಾಕಿದ್ರು. ನಮ್ಮವ್ವ ಆ ಕಡಿ ನಿಂದರ್ತಿದ್ಲು ಗೌಡ್ರೆ. ಆ ಚಾದ ಗಾಡಿ ಐತಲ್ಲ, ಅಲ್ಲೇ. ಯಾರರ ಕೂಲಿಗೆ ಕರೀತಾರೇನು ಅಂತ ಬರೋ ಹೋಗೋರ ಮುಖ ನೋಡಿಕೋತ ನಿಂದರ್ತಿದ್ಲು. ಒಬ್ಬರೂ ಆಕಿ ಮುಖ ನೋಡಲಿಲ್ಲ. ಇವರಾದ್ರೂ ನೋಡ್ಲಿ."

ಗೌಡ್ರು ಕೆಂಪಗಾದರು. "ಏಯ್ ಮೇಸ್ತ್ರಿ, ಮಿಷನ್ ತಂದು ಬೋಲ್ಟು ಕೊಯ್ಯಿ!" ಎಂದು ಕೂಗಿದರು.

ಆಗ ಟೀಚರ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲು ಹತ್ತಿ, ಪೀಠದ ಮೇಲೆ ನಾಲ್ಕು ಬೋಲ್ಟುಗಳ ನಡುವೆ ಕಾಲು ಮಡಿಚಿ ಕೂತುಬಿಟ್ಟರು. ಅವರ ನೆತ್ತಿಯ ಮೇಲೆ, ನನ್ನ ಕೊಂಡಿಯಲ್ಲಿ, ಗಾಂಧೀಜಿ.

ಅಷ್ಟು ವರ್ಷ ಎತ್ತಿದ ಯಾವ ಭಾರಕ್ಕೂ ನಾನು ಹಾಗೆ ಹೆದರಿದ್ದಿಲ್ಲ. ಕರೀಂ ಉಸ್ತಾದರ ಕೈ ಗೋರಿಯಿಂದ ಎದ್ದು ಬಂದು ನನ್ನ ಕೆನ್ನೆಯ ಹತ್ತಿರ ನಿಂತ ಹಾಗಾಯಿತು. ಕ್ರೇನನ್ನು ಬೆರಳಬೆರಳಷ್ಟೇ ಹಿಂದಕ್ಕೆ ತೆಗೆದೆ. ಗಾಂಧೀಜಿ ಟೀಚರ ತಲೆಯ ಮೇಲಿಂದ ಸರಿದು, ಪೀಠ ದಾಟಿ, ರಸ್ತೆಯ ಮೇಲೆ ಬಂದರು. ಹುಲುಗಪ್ಪನಿಗೆ ಸನ್ನೆ ಮಾಡಿ ಅವರನ್ನು ಅಲ್ಲೇ ಡಾಂಬರಿನ ಮೇಲೆ ನಿಲ್ಲಿಸಿ ಬೆಲ್ಟು ಬಿಡಿಸಿದೆ. ಎಂಜಿನ್ ಆರಿಸಿದೆ.

"ಯಾರನ್ನ ಕೇಳಿ ಇಳಿಸಿದಿ?" ಗೌಡ್ರು ನನ್ನ ಮೇಲೆ ಹರಿಹಾಯ್ದರು.

"ಮಾಲಿನ ಕೆಳಗ ಮನುಷ್ಯಾರು ಇದ್ರ ನಾನು ಎತ್ತಂಗಿಲ್ರಿ. ನೀವಿಬ್ಬರೂ ಒಂದು ಮಾತಿಗೆ ಬರ್ರಿ, ಆಮ್ಯಾಲ ಕರೀರಿ" ಎಂದು ಹೇಳಿ ಚಹದ ಗಾಡಿಯ ಕಡೆ ನಡೆದೆ.

ಆಮೇಲೆ ಆದದ್ದನ್ನು ಚಹ ಕುಡಿಯುತ್ತಾ ನೋಡಿದೆ. ನಡುರಸ್ತೆಯಲ್ಲಿ ಗಾಂಧೀಜಿ ಎಲ್ಲರ ಸಮಕ್ಕೆ ನಿಂತಿದ್ದರು. ಬಸ್ಸು ನಿಂತವು, ನೆಲ್ಲಿನ ಲಾರಿ ನಿಂತವು, ಹಾರನ್ನು ಹೊಡೆದು ಸಾಕಾಗಿ ಡ್ರೈವರುಗಳೂ ಇಳಿದು ಬಂದರು. ಕೂಲಿಗೆ ನಿಂತಿದ್ದವರು ಮೊದಲು ದೂರದಿಂದ ನೋಡಿದರು, ಆಮೇಲೆ ಹತ್ತಿರ ಬಂದರು. ಒಬ್ಬ ಬೆನ್ನಿಗೆ ಬೆನ್ನು ಕೊಟ್ಟು ಎತ್ತರ ಅಳೆದ. ಒಬ್ಬ ಹೆಗಲ ಮೇಲೆ ಕೈ ಹಾಕಿ ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡ. ತರಕಾರಿಯವಳು ಅವರ ಕೈಗೆ ಒಂದು ಕೊತ್ತಂಬರಿ ಕಟ್ಟು ಸಿಕ್ಕಿಸಿದಳು. ಗೌಡ್ರು ಮಾತ್ರ ಪ್ರತಿಮೆಯ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು, ಯೋಚನೆಯಲ್ಲಿ ಬಿದ್ದು ನಿಂತಿದ್ದರು. ಕಳೆ ಕೀಳಲು ಹೋಗುವ ಒಬ್ಬ ಮುದುಕಿ ಅವರ ಬೆನ್ನ ಹಿಂದಿನಿಂದ ಇಣುಕಿ ಇಣುಕಿ ಸಾಕಾಗಿ, ಅವರ ತೋಳು ತಟ್ಟಿದಳು.

"ಸ್ವಲ್ಪ ಸರೀಯಪ್ಪಾ. ತಾತನ ಮುಖ ಕಾಣವಲ್ದು."

ಸಿರುಗುಪ್ಪದಲ್ಲಿ ಪಂಪನಗೌಡ್ರಿಗೆ 'ಪಕ್ಕಕ್ಕೆ ಸರಿ' ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಗೌಡ್ರು ತಿರುಗಿ ಆಕೆಯನ್ನು ನೋಡಿದರು. ಆಮೇಲೆ, ಸರಿದರು.

ಅಷ್ಟರಲ್ಲಿ ಮಂತ್ರಿಗಳು ಬಂದರು. ಕಾರು ಬರಲಿಲ್ಲ, ಅದು ಬಸ್ಸುಗಳ ಹಿಂದೆ ಸಿಕ್ಕಿಕೊಂಡಿತ್ತು. ಮಂತ್ರಿಗಳೇ ನಡೆದು ಬಂದರು. ಬಳ್ಳಾರಿಯಲ್ಲಿ ಇನ್ನೊಂದು ಸಭೆ ಇದ್ದುದರಿಂದ ಅವಸರದಲ್ಲಿದ್ದರು. ಮಂದಿಯ ನಡುವೆ ಗಾಂಧೀಜಿ ಕಂಡರು. ಇದೇ ಕಾರ್ಯಕ್ರಮವೆಂದು ತಿಳಿದು, ಪಕ್ಕದವರ ಕೈಯಲ್ಲಿದ್ದ ಹಾರ ತೆಗೆದು ಅಲ್ಲೇ ಹಾಕಿದರು. ಯಾರೋ ಮೈಕು ಎಳೆದು ತಂದರು.

"ಗಾಂಧೀಜಿಯವರನ್ನು ಪೀಠದ ಮೇಲೆ ನಿಲ್ಲಿಸುವವರು ಬಹಳ ಜನ ಇದ್ದಾರೆ" ಎಂದು ಮಂತ್ರಿಗಳು ಭಾಷಣ ಮಾಡಿದರು. "ಪೀಠದಿಂದ ಇಳಿಸಿ ಜನರ ನಡುವೆ ನಿಲ್ಲಿಸಿದವರು ನಮ್ಮ ಪಂಪನಗೌಡರು. ಇದು ದೊಡ್ಡ ಮನಸ್ಸು!"

ಚಪ್ಪಾಳೆ ಬಿತ್ತು. ಗೌಡ್ರು ಬೇರೆ ದಾರಿ ಕಾಣದೆ ಕೈ ಮುಗಿದರು. ಹೊರಡುವಾಗ ಮಂತ್ರಿಗಳ ಕಣ್ಣು ಪೀಠದ ಮೇಲೆ ಬಿತ್ತು. "ಅಲ್ಲಿ ಕೂತಿರುವವರು ಯಾರು?"

ನಾವೆಲ್ಲ ಗೌಡ್ರ ಬಾಯಿ ನೋಡಿದೆವು. ಧರಣಿ ಕೂತಿದ್ದಾರೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಎಬ್ಬಿಸಿ ಒಯ್ಯಲು ಪೊಲೀಸರು ಪಕ್ಕದಲ್ಲೇ ಇದ್ದರು.

"ನಮ್ಮ ಸಮಿತಿ ಟೀಚರ್ರು ರೀ" ಅಂದರು ಗೌಡ್ರು. "ಪೀಠ ಗಟ್ಟಿ ಐತೋ ಇಲ್ಲೋ ಅಂತ ಕುಂತು ನೋಡಾಕ ಹತ್ತ್ಯಾರ."

ಮಂತ್ರಿಗಳು ಬಹಳ ಮೆಚ್ಚಿಕೊಂಡು ಹೊರಟುಹೋದರು. ಗೌಡ್ರು ಪೀಠದ ಹತ್ತಿರ ಬಂದು ನಿಂತರು.

"ಇಳೀರಿ ಟೀಚರ್ರೆ. ಪೀಠ ಗಟ್ಟಿ ಐತಿ."

"ಮುಖ ಯಾವ ಕಡಿ?"

"ಬೋಲ್ಟು ಯಾವ ಕಡಿ ಅದಾವೋ ಆ ಕಡಿ" ಅಂದರು ಗೌಡ್ರು. ಟೀಚರ ಕಾಲು ಜೋಮು ಹಿಡಿದಿತ್ತು. ಇಳಿಯಲು ಗೌಡ್ರೇ ಕೈ ಕೊಟ್ಟರು.

ಮತ್ತೆ ಬೆಲ್ಟು ಕಟ್ಟಿದೆವು, ಎತ್ತಿದೆವು. ಈ ಸಲ ಯಾರೂ ಕೂಗಲಿಲ್ಲ. ಬೋಲ್ಟುಗಳ ಮೇಲೆ ಗಾಂಧೀಜಿ ಸದ್ದಿಲ್ಲದೆ ಕೂತರು. ಮೌನೇಶಿ ಕೋಲು ಸಿಕ್ಕಿಸಿದ. ನಾನು ಕ್ಯಾಬಿನ್ನಿನಿಂದ ಇಳಿದು ನೋಡಿದೆ. ಈಗ ಎಲ್ಲರೂ ಕತ್ತೆತ್ತಿ ನೋಡಬೇಕಾಗಿತ್ತು. ಹೆಗಲ ಮೇಲೆ ಕೈ ಹಾಕುವ ಮಾತೇ ಇರಲಿಲ್ಲ. ಟೀಚರ್ ನನ್ನ ಪಕ್ಕಕ್ಕೆ ಬಂದು ನಿಂತರು.

"ಆಚಾರ್ರೆ, ಇನ್ನೊಂದು ತಾಸು ಕೆಳಗ ಬಿಟ್ಟಿದ್ರ ಚೊಲೋ ಇತ್ತೇನೋ."

"ಈಗ ಹೇಳ್ತೀರಾ ಟೀಚರ್ರೆ!" ಅಂದೆ.

ಆ ಕಳೆ ಕೀಳುವ ಮುದುಕಿ ಪೀಠದ ಮೆಟ್ಟಿಲು ಹತ್ತಿ ತುದಿಗಾಲಲ್ಲಿ ನಿಂತು ಪ್ರತಿಮೆಯ ಕಾಲು ಮುಟ್ಟಲು ನೋಡುತ್ತಿದ್ದಳು. ಕೈ ಎಟುಕಲಿಲ್ಲ, ಕಲ್ಲನ್ನಷ್ಟೇ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗೌಡ್ರು ಅದನ್ನು ನೋಡಿದರು. ಖಾಲಿ ವೇದಿಕೆಯ ಮೇಲೆ ಹೋದರು. ಮಂತ್ರಿಗಳಿಗೆಂದು ತರಿಸಿ, ಬಿಳೀ ಟವೆಲ್ಲು ಹಾಸಿಟ್ಟಿದ್ದ ಕೆಂಪು ಮೆತ್ತನೆಯ ಕುರ್ಚಿಯನ್ನು ಎತ್ತಿಕೊಂಡರು. ಆಳುಗಳು ಓಡಿಬಂದರೂ ಕೊಡಲಿಲ್ಲ. ತಾವೇ ತಂದು ಮೆಟ್ಟಿಲಿನ ಮೇಲೆ ಇಟ್ಟು, ಎರಡೂ ಕೈಯಲ್ಲಿ ಹಿಡಿದು ನಿಂತರು.

ಮುದುಕಿ ಗದ್ದೆಯ ಕೆಸರು ಒಣಗಿದ ಕಾಲಿನಲ್ಲಿ ಟವೆಲ್ಲಿನ ಮೇಲೆ ಹತ್ತಿದಳು. ಗಾಂಧೀಜಿಯ ಮುಂದಿಟ್ಟ ಪಾದದ ಮೇಲೆ ಕೈಯಿಟ್ಟಳು. ಅಲ್ಲೇ ನಿಂತು ನಿಧಾನವಾಗಿ ಮುಖ ನೋಡತೊಡಗಿದಳು.

"ಗಟ್ಟಿ ಹಿಡಿಯಪ್ಪಾ, ಅಲುಗಾಡ್ತತಿ" ಅಂದಳು, ಕೆಳಗೆ ನೋಡದೆ.

"ಹಿಡದೀನವ್ವಾ" ಅಂದರು ಪಂಪನಗೌಡ್ರು.

ಆಕೆ ಇಳಿಯುವವರೆಗೆ ನಾನು ಎಂಜಿನ್ ಶುರು ಮಾಡಲಿಲ್ಲ.